ತೋಳು ನೋಡುತ್ತಿದ್ದ ಸುಂಕ್ಲಮ್ಮ

ಕೇಳ್ರಪ್ಪ, ಬಹಳ ಹಿಂದಿನ ಮಾತು. ಬೋಳುಗುಡ್ಡದ ಬುಡದಲ್ಲಿ ಕಲ್ಲು ಒಡೆಯುವವರದೇ ಒಂದು ಊರಿತ್ತಂತೆ. ಆ ಊರಲ್ಲಿ ಸುಂಕ್ಲಮ್ಮ ಅಂತ ಒಬ್ಬಾಕೆ ಇದ್ದಳಂತೆ. ಸಂಜೆಯಾದರೆ ದುಡಿದು ಬಂದವರೆಲ್ಲ ಅವಳ ಕಟ್ಟೆಗೆ ಬರುತ್ತಿದ್ದರು, ಅವಳು ಬಿಸಿ ಎಣ್ಣೆ ಹಚ್ಚಿ ತೋಳು ತಿಕ್ಕುತ್ತಿದ್ದಳು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಯಾರ ತೋಳು, ಇವತ್ತು ಎಷ್ಟು ದುಡಿದಿದೆ ಅಂತ ಹೇಳುತ್ತಿದ್ದಳಂತೆ.

ಒಂದು ದಿನ ಗುಡ್ಡದಿಂದ ದೊಡ್ಡ ಚಪ್ಪಡಿ ಜಾರಿ, ಗಾದಿಲಿಂಗ ಅನ್ನುವವನ ಕಾಲ ಮೇಲೆ ಬಿತ್ತು. ಆರು ಜನ ಹಾರೆ ಕೊಟ್ಟು ಚಪ್ಪಡಿ ಮೀಟಿ ಹಿಡಿದರು. ಕೆಳಗೆಲ್ಲ ಸಡಿಲ ಗರಸು ಮಣ್ಣು, ಆಸರೆಗೆ ಇಟ್ಟ ಕಲ್ಲು ನಿಲ್ಲಲಿಲ್ಲ. ಕಾಲಿನ ಸುತ್ತ ಮಣ್ಣು ತೋಡಿ ಮುಗಿಯುವ ತನಕ ಹಾರೆ ಬಿಡುವಂತಿರಲಿಲ್ಲ.

ಮೊದಮೊದಲು ಎತ್ತಿ ಹಿಡಿದ ಚಪ್ಪಡಿ ಅಲುಗಲಿಲ್ಲ. ಆಮೇಲೆ ಆರೂ ಜನರ ತೋಳು ನಡುಗತೊಡಗಿದವು. ಬಿಗಿ ಹಿಡಿದಷ್ಟೂ ನಡುಕ ಹೆಚ್ಚಾಯಿತು. ಚಪ್ಪಡಿ ಒಂದು ಬೆರಳಷ್ಟು ಇಳಿಯಿತು. ಗಾದಿಲಿಂಗ ಚೀರಿದ.

ಸುಂಕ್ಲಮ್ಮ ಓಡಿ ಬಂದಳು. ಕಲ್ಲು ನೋಡಲಿಲ್ಲ, ಕಾಲು ನೋಡಲಿಲ್ಲ, ತೋಳುಗಳನ್ನೇ ನೋಡಿದಳಂತೆ. ಆರು ಜನರಲ್ಲಿ ಓಬಳೇಶನೇ ಗಟ್ಟಿಗ, ಗಾದಿಲಿಂಗನ ಒಡಹುಟ್ಟಿದ ತಮ್ಮ. ಅವನ ಹೆಗಲು ಮುಟ್ಟಿ, “ಮೊದಲು ನೀ ಬಿಡಪ” ಅಂದಳು.

“ಅಣ್ಣನ ಜೀವ ನನ್ನ ಕೈಯಾಗೈತಿ. ಹೆಂಗ ಬಿಡ್ಲಿ ಯವ್ವಾ?”

“ನಿನ್ನ ಬಲ ಎಲ್ಲೂ ಹೋಗಿಲ್ಲ. ತೋಳಿಗೆ ನಿನ್ನ ಮಾತು ಕೇಳಿಸವಲ್ದು. ಬಿಡು. ಕರೀತೀನಿ, ಆಮೇಲೆ ಬಾ.”

ಅವನು ಅಳುತ್ತಲೇ ಬಿಟ್ಟ. ಬಿಡುವ ಮೊದಲೇ ಆ ಹಾರೆಗೆ ಗಾದಿಲಿಂಗನ ಹೆಂಡತಿ ಕೈಕೊಟ್ಟಿದ್ದಳು. ಹಾಗೆ ಸುಂಕ್ಲಮ್ಮ ಒಬ್ಬೊಬ್ಬರನ್ನೇ ಬಿಡಿಸಿದಳು, ನೆರೆದ ಗಂಡಸರು ಹೆಂಗಸರಲ್ಲಿ ಒಬ್ಬೊಬ್ಬರನ್ನೇ ಹಿಡಿಸಿದಳು. ಬಿಟ್ಟವರು ತೋಳು ಜೋತುಬಿಟ್ಟು ಕೂತರು, ನೀರು ಕುಡಿದರು, ನಡುಕ ನಿಂತ ಮೇಲೆ ಮತ್ತೆ ಎದ್ದರು. ಓಬಳೇಶ ಮೂರು ಸಲ ಬಿಟ್ಟ, ಮೂರು ಸಲ ಹಿಡಿದನಂತೆ. ಚಪ್ಪಡಿ ಮತ್ತೆ ಇಳಿಯಲಿಲ್ಲ. ಹೊತ್ತು ಮುಳುಗುವುದರೊಳಗೆ ಗಾದಿಲಿಂಗನನ್ನು ಹೊರಗೆಳೆದರು. ಕಾಲು ಮುರಿದಿತ್ತು, ಜೀವ ಇತ್ತು.

ಮೂರು ಹಗಲು ಹಿಡಿದಿದ್ದರು ಅನ್ನುತ್ತಾರೆ ಕೆಲವರು. ಅವಳು ಕಣ್ಣಿನಿಂದಲೇ ಚಪ್ಪಡಿ ನಿಲ್ಲಿಸಿದಳು ಅನ್ನುವವರೂ ಇದ್ದಾರೆ. ಇರಬಹುದು, ನಾನು ಕಂಡಿಲ್ಲ.

ಈಗಲೂ ಆ ಸೀಮೆಯಲ್ಲಿ ದೊಡ್ಡ ಕಲ್ಲು ಎತ್ತುವಾಗ ವಯಸ್ಸಾದ ಒಬ್ಬ ಹೆಂಗಸು ಪಕ್ಕಕ್ಕೆ ನಿಲ್ಲುತ್ತಾಳೆ. ತೋಳು ನಡುಗಿದವನ ಹೆಗಲು ಮುಟ್ಟುತ್ತಾಳೆ. ಎಂಥ ಜಟ್ಟಿಯೇ ಇರಲಿ, ಹಾರೆ ಬಿಟ್ಟು ಬಂದು ಕೂರುತ್ತಾನೆ. ಯಾರೂ ನಗುವುದಿಲ್ಲ.