ಸಾತವ್ವನ ತಣ್ಣನೆಯ ಪಾದಗಳು

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿ ನಾಗಲಿಂಗಜ್ಜನವರು ಬಂದ ರೋಗಿಗಳನ್ನು ನೋಡುತ್ತಿದ್ದರು. ಶಿಷ್ಯ ಶಿವಪುತ್ರನಿಗೆ ವೈದ್ಯ ಕಲಿಸುತ್ತಿದ್ದರು.

ಶಿವಪುತ್ರ ಚುರುಕಿನವನು, ಆದರೆ ಕುಳಿತಲ್ಲಿ ಕೂರುವವನಲ್ಲ. ಕಷಾಯ ಕುದಿಯುವ ಮೊದಲೇ ಮುಚ್ಚಳ ತೆಗೆದು ನೋಡುವ ಸ್ವಭಾವ. ಅವನ ಅಂಗಾಲಲ್ಲಿ ಇರುವೆ ಗೂಡು ಕಟ್ಟಿದೆ ಎಂದು ಗುರುಗಳು ನಗುತ್ತಿದ್ದರು.

ಚಳಿಗಾಲದ ಒಂದು ದಿನ ಕಾಶವ್ವ ಎಂಬ ತಾಯಿ ಏಳು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತು ಬಂದಳು. ಮಗು ಸಾತವ್ವನಿಗೆ ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿತ್ತು. ನಡಿಗೆಯಿಲ್ಲ, ಮಾತಿಲ್ಲ. ಕೂರಿಸಿದಲ್ಲಿ ಕಾಲು ಇಳಿಬಿಟ್ಟುಕೊಂಡು ದಿನವಿಡೀ ಕೂರುವಳು.

ಆ ಪಾದಗಳು ಹೊಳೆಯ ಕಲ್ಲಿನಂತೆ ತಣ್ಣಗಿದ್ದವು. ನೇರಳೆ ಬಣ್ಣಕ್ಕೆ ತಿರುಗಿದ್ದವು. ಹೋದ ಚಳಿಗಾಲದಲ್ಲಿ ಹಿಮ್ಮಡಿಗೆ ಹುಣ್ಣಾಗಿ, ಮಾಯುವಷ್ಟರಲ್ಲಿ ಬೇಸಿಗೆಯೇ ಬಂದಿತ್ತಂತೆ. ಈ ಸಲವೂ ಹಾಗಾದರೆ ಮಗು ತಡೆದುಕೊಳ್ಳಲಾರದು ಎಂಬುದು ತಾಯಿಯ ಭಯ.

ಗುರುಗಳು ಮಗುವನ್ನು ಶಿಷ್ಯನಿಗೆ ಒಪ್ಪಿಸಿದರು. ಶಿವಪುತ್ರ ತಡಮಾಡಲಿಲ್ಲ.

“ಚಿಂತಿ ಬಿಡವ್ವಾ. ಈ ಥಂಡಿ ಒಮ್ಮೆ ಹೋತಂದ್ರ ಹೊಳ್ಳಿ ಬರದಂಗ ಮಾಡ್ತೀನಿ” ಎಂದು ಮಾತು ಕೊಟ್ಟುಬಿಟ್ಟ.

ಮರಳು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಪಾದಗಳಿಗೆ ಒತ್ತಿ ಇಟ್ಟ. ಔಷಧ ಕುಟ್ಟಿ ಕುಟ್ಟಿ ದಡ್ಡುಗಟ್ಟಿದ ಅವನ ಅಂಗೈಗೆ ಆ ಬಿಸಿ ಹಿತವಾಗಿಯೇ ಇತ್ತು.

ಕಾಶವ್ವ ಓಡಿಬಂದು ಗಂಟನ್ನು ಕಿತ್ತೆಸೆದಳು. ಚರ್ಮ ಕೆಂಪಾಗಿತ್ತು.

“ಸುಟ್ರೂ ಅಕಿ ಅಳಂಗಿಲ್ರಿ. ಉಸಿರು ಬದಲಾಗತೈತಿ, ಅಷ್ಟ” ಎಂದಳು.

ಶಿವಪುತ್ರನ ಮುಖ ಬಾಡಿತು. ಗುರುಗಳು ಕೆಂಪಾದಲ್ಲಿ ಬಹಳ ಹೊತ್ತು ತಣ್ಣೀರು ಬಿಟ್ಟರು, ಗುಳ್ಳೆ ಏಳಲಿಲ್ಲ. ಅವರು ಬೈಯಲೂ ಇಲ್ಲ.

ಆಮೇಲೆ ಶಿಷ್ಯ ಕಂಬಳಿ ಹೊದಿಸಿದ. ಬೆಚ್ಚಗಾಯಿತೇ ಎಂದು ತೆಗೆದು ನೋಡಿದ. ಮತ್ತೆ ಹೊದಿಸಿದ, ಮತ್ತೆ ತೆಗೆದ. ಹೊದಿಸಿದ ಕಾವೆಲ್ಲ ಅವನು ನೋಡುವುದರಲ್ಲೇ ಆರಿಹೋಯಿತು. ಅಂಗಳದಲ್ಲಿ ಅತ್ತಿಂದಿತ್ತ ಸುತ್ತತೊಡಗಿದ.

ಗುರುಗಳು ಅವನನ್ನು ಕರೆದು ಎತ್ತರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರಿಸಿದರು. ತಾವು ಹೇಳುವವರೆಗೆ ಬೆರಳನ್ನೂ ಅಲ್ಲಾಡಿಸಕೂಡದು ಎಂದು ಹೇಳಿ ಒಳಗೆ ಹೋದರು.

ಬಿಸಿಲು ಕಟ್ಟೆಯನ್ನು ದಾಟುವ ಮೊದಲೇ ಶಿವಪುತ್ರ ಕೆಳಗಿಳಿದು ಕಾಲು ಝಾಡಿಸುತ್ತಿದ್ದ.

“ಯಾಕ ಎದ್ದಿ?” ಗುರುಗಳು ಹೊರಗೆ ಬಂದು ಕೇಳಿದರು.

“ಕಾಲು ಜೋಮು ಹಿಡದ್ವು, ಅಜ್ಜಾರ.”

“ಯಾರನ್ನ ಕೇಳಿ ಎದ್ದಿ?”

“ಯಾರನ್ನೂ ಕೇಳಲಿಲ್ರಿ. ಕಾಲು ತಾವ ಎದ್ದು ನಿಂತ್ವು.”

“ಅಕಿ ಕಾಲು ಯಾರನ್ನ ಕೇಳಬೇಕು?”

ಶಿವಪುತ್ರ ಸಾತವ್ವನ ಬಳಿಗೆ ಹೋಗಿ ಅವಳನ್ನು ಮೆಲ್ಲನೆ ಮಲಗಿಸಿದ. ಕಾಲ ಕೆಳಗೆ ಮಡಿಸಿದ ಕಂಬಳಿ ಇಟ್ಟ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮಂಡಿ ಮಡಿಸಿ, ಚಾಚಿಸಿ, ನಡೆಯುವವರ ಕಾಲಿನಂತೆ ಆಡಿಸಿದ. ಕಣ್ಣು ಪಾದಗಳ ಮೇಲಿರಲಿಲ್ಲ. ಅವಳ ಉಸಿರಿನ ಮೇಲಿತ್ತು. ಉಸಿರು ಬಿಗಿದರೆ ನಿಲ್ಲಿಸಿದ, ಸಡಿಲಾದರೆ ಮುಂದುವರಿಸಿದ.

ಮಧ್ಯಾಹ್ನದ ಹೊತ್ತಿಗೆ ನೇರಳೆ ಬಣ್ಣ ತಿಳಿಯಾಗಿ, ಬೆರಳುಗಳಿಗೆ ಕಾವು ಬಂತು. ಉಣ್ಣೆಯ ಕಾಲುಚೀಲವನ್ನು ಸಡಿಲವಾಗಿ ಹಾಕಿದ. ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ಮುಟ್ಟಿ ನೋಡಿದರೆ ಪಾದಗಳು ಮತ್ತೆ ತಣ್ಣಗಿದ್ದವು.

ಶಿವಪುತ್ರ ಗುರುಗಳ ಹತ್ತಿರ ಓಡಿದ. ಬೆಳಿಗ್ಗೆ ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತು, ಥಂಡಿ ಮತ್ತೆ ಬರುವುದಿಲ್ಲವೆಂದು ಆ ತಾಯಿಗೆ ಮಾತು ಕೊಟ್ಟಿದ್ದೆ, ಈಗ ಯಾವ ಮುಖ ಹೊತ್ತು ಅವಳ ಮುಂದೆ ನಿಲ್ಲಲಿ ಎಂದು ಹಲುಬಿದ. ಗುರುಗಳು ರೊಟ್ಟಿಯ ಬುಟ್ಟಿ ಎತ್ತಿಕೊಂಡರು.

ಊಟದ ಪಂಕ್ತಿ ಕೂತಿತು. ಗುರುಗಳು ಕಾಶವ್ವನಿಗೆ ಬಡಿಸಿದರು, ಬಂದವರಿಗೆಲ್ಲ ಬಡಿಸಿದರು. ಶಿವಪುತ್ರನ ತಾಟನ್ನು ದಾಟಿ ಮುಂದೆ ಹೋದರು.

“ಅಜ್ಜಾರ, ನನಗ?”

ಗುರುಗಳು ತಿರುಗಿ ನೋಡಿದರು.

“ನಿನಗ ಮುಂಜಾನೆ ಬಡಿಸಿದ್ನಲ್ಲೋ, ತಮ್ಮಾ?”