ಸುರುಳಿ ಶೇಟ ಹಚ್ಚಿದ ಅಳಿವೆಯ ದೀಪ

ಬಹಳ ಹಿಂದೆ, ಹೊಳೆ ಸಮುದ್ರ ಸೇರುವಲ್ಲಿ ಒಂದು ಊರಿತ್ತು. ಊರು ಈಗಲೂ ಇದೆ. ಕಾಲ ಯಾವುದೆಂದು ಕೇಳಬೇಡಿ. ಅಲ್ಲಿ ವಿಠೋಬ ಶೇಟ ಎಂಬವನಿದ್ದನಂತೆ. ಕುಲದಿಂದ ಅಕ್ಕಸಾಲಿ. ಬಂಗಾರದ ಕೆಲಸ ಕಡಿಮೆಯಾದ ಮೇಲೆ ರೇಡಿಯೋ ರಿಪೇರಿಗೆ ಕೂತ. ಉಂಗುರಕ್ಕೆ ತಂತಿ ಸುತ್ತಿದನೆಂದರೆ ಒಂದು ಸುತ್ತು ಇನ್ನೊಂದರ ಮೇಲೆ ಏರುತ್ತಿರಲಿಲ್ಲವಂತೆ. ಜನ ಅವನನ್ನು ಸುರುಳಿ ಶೇಟ ಅಂದರು.

ಅಳಿವೆಯ ಬಾಯಲ್ಲಿ ಬಂಡೆ. ಬಂಡೆಯ ಮೇಲೆ ದೀಪ. ದೋಣಿಗಳು ಅದನ್ನು ನೋಡಿಯೇ ಒಳಗೆ ಬರಬೇಕು. ತಪ್ಪಿದರೆ ಕಲ್ಲಿಗೆ. ದೀಪಕ್ಕೆ ಇಪ್ಪತ್ನಾಲ್ಕು ವೋಲ್ಟ್ ಬೇಕು. ಹನ್ನೆರಡರ ಎರಡು ಬ್ಯಾಟರಿ ಜೋಡಿಸಿಟ್ಟಿದ್ದರು. ಒಂದು ಮಧ್ಯಾಹ್ನ ದೊಡ್ಡ ತೆರೆ ಬಂದು ಒಂದನ್ನು ಎಳೆದುಕೊಂಡು ಹೋಯಿತು. ಊರಲ್ಲಿ ಬೇರೆ ಬ್ಯಾಟರಿ ಇಲ್ಲ. ದೋಣಿಗಳೆಲ್ಲ ಸಮುದ್ರದಲ್ಲಿ. ಮಂಜು ಬೇರೆ ಇಳಿಯುತ್ತಿತ್ತು.

ಉಳಿದ ಹನ್ನೆರಡನ್ನೇ ಇಪ್ಪತ್ನಾಲ್ಕಕ್ಕೆ ಎತ್ತರಿಸುತ್ತೇನೆ ಎಂದ ಶೇಟ.

ಅದರ ಗುಟ್ಟು ಇಷ್ಟೇ. ಕರೆಂಟನ್ನು ಸುರುಳಿಯಲ್ಲಿ ಓಡಲು ಬಿಡುವುದು, ಗಕ್ಕನೆ ತಡೆಯುವುದು. ಓಡುವ ಹೋರಿಗೆ ಅಡ್ಡ ನಿಂತರೆ ಬೇಲಿ ಹಾರುತ್ತದಲ್ಲ, ಹಾಗೆ ವೋಲ್ಟು ಮೇಲಕ್ಕೆ ನೆಗೆಯುತ್ತದೆ. ನೆಗೆದದ್ದು ಹಿಂದೆ ಬರದಂತೆ ಡಯೋಡಿನ ಬಾಗಿಲು. ಬಾಗಿಲಾಚೆ ಹಿಡಿದಿಡಲು ಕೆಪಾಸಿಟರ್. ಬಿಡುವುದು, ತಡೆಯುವುದು, ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಸಲ. ಆ ಕೆಲಸ ಟ್ರಾನ್ಸಿಸ್ಟರಿನದು. ಉಳಿದ ಬ್ಯಾಟರಿಯನ್ನು ಮನೆಗೆ ತಂದು, ಇಷ್ಟನ್ನೂ ಒಂದು ಪೆಟ್ಟಿಗೆಯಲ್ಲಿ ಕೂರಿಸತೊಡಗಿದ.

ಸೋಮಿ ಶೇಟನ ಮನೆಯ ಬಾಗಿಲಲ್ಲಿ ಕೂತಿದ್ದಳು. ಅವಳ ಗಂಡ ಜಟ್ಟಿ ಸಮುದ್ರದಲ್ಲಿದ್ದ.

"ಶೇಟ್ರೇ, ಮೂಗುತಿ ಮಾಡೂಕೆ ಕೂತಂಗೆ ಕೂತ್ರಲ್ಲ! ಹೊತ್ತು ಮುಳುಗ್ತಾ ಬಂತು."

"ಸುಮ್ನೆ ಕೂಕೋ ತಂಗಿ."

ಒರೆಗೆ ಹಚ್ಚದೆ ಒಡವೆ ಕೊಡುವುದಿಲ್ಲ, ಅದು ಅಕ್ಕಸಾಲಿಯ ರೂಢಿ. ಊರಿಗಿದ್ದದ್ದು ಒಂದೇ ದೀಪ. ಅದಕ್ಕೆ ಕೇಡು ಬೇಡವೆಂದು ಶೇಟ ಪೆಟ್ಟಿಗೆಯನ್ನು ದೀಪ ಕಟ್ಟದೆ ಬರಿದೇ ಚಾಲೂ ಮಾಡಿ ನೋಡಿದ. ಢಪ್ಪೆಂದು ಕೆಪಾಸಿಟರ್ ಸಿಡಿಯಿತು.

"ದೀಪ ಕೇಳಿದ್ರೆ ಗರ್ನಾಲು ಪಟಾಕಿ ಬಿಟ್ರಿ ನೀವು!" ಎಂದಳು ಸೋಮಿ. ಅಂದವಳೇ ಅತ್ತಳಂತೆ.

ಶೇಟ ಸುಟ್ಟದ್ದನ್ನು ತಿರುಗಿಸಿ ನೋಡಿದ. ಉಣ್ಣುವವರಿಲ್ಲದೆ ಬಡಿಸುತ್ತಲೇ ಹೋಗಿದ್ದೆ ಎಂದುಕೊಂಡ. ಖರ್ಚಾಗಲು ದಾರಿಯಿಲ್ಲದೆ ವೋಲ್ಟು ಏರಿ ಏರಿ ಒಡೆದಿತ್ತು. ತನ್ನ ಮನೆಯ ರೇಡಿಯೋ ಬಿಚ್ಚಿ ಬೇರೆ ಕೆಪಾಸಿಟರ್ ತೆಗೆದ. ಇನ್ನೊಂದು ಇರಲಿಲ್ಲ.

ಸಮುದ್ರದ ನೀರು ಇಳಿತದಲ್ಲಿತ್ತು. ಪೆಟ್ಟಿಗೆ, ಬ್ಯಾಟರಿ ಹೊತ್ತು ಇಬ್ಬರೂ ಬಂಡೆಗೆ ನಡೆದರು. ಮೊದಲು ಪೆಟ್ಟಿಗೆಗೆ ದೀಪ ಕಟ್ಟು ಎಂದ ಶೇಟ.

"ಇದೂ ಸಿಡಿದ್ರೆ? ದೀಪಾನೂ ಹೋಗ್ತದಲ್ಲ!"

"ದೀಪ ಉಂಡ್ರೆ ಸಿಡಿಯೂದಿಲ್ಲ."

ಅವಳು ಕಟ್ಟಿದಳು. ಅವನು ಸ್ವಿಚ್ಚು ಒತ್ತಿದ. ದೀಪ ಕೆಂಪಾಯಿತು, ಹಳದಿಯಾಯಿತು, ಆಮೇಲೆ ಬೆಳ್ಳಗೆ ನಿಂತಿತು. ಶೇಟ ಉಸಿರು ಬಿಟ್ಟ.

ಆ ಬೆಳಕು ದ್ವೀಪಗಳಾಚೆಗೂ ಕಂಡಿತಂತೆ, ಮೀನುಗಳೇ ಎದ್ದು ದಡಕ್ಕೆ ಬಂದವಂತೆ. ಹಾಗೆ ಹೇಳುತ್ತಾರೆ. ಬಂದದ್ದು ದೋಣಿಗಳು. ಒಂದೂ ಕಲ್ಲಿಗೆ ಬಡಿಯಲಿಲ್ಲ. ಬ್ಯಾಟರಿ ಕೊಚ್ಚಿಹೋದದ್ದು ತಿಳಿದು, ಬೇರೆ ಎಲ್ಲಿಂದ ತಂದಿರಿ ಎಂದು ಜಟ್ಟಿ ಕೇಳಿದ. ಬಂಗಡೆ ಮೀನು ಸಿಕ್ಕಿತೇ ಎಂದು ಶೇಟ ಕೇಳಿದನಂತೆ.

ಶೇಟ ಹೋಗಿ ಎಷ್ಟೋ ಕಾಲವಾಯಿತು. ಆ ಊರಲ್ಲಿ ಈಗಲೂ ಇಂಥ ಪೆಟ್ಟಿಗೆ ಮಾಡುವವರಿದ್ದಾರೆ. ಎಷ್ಟೇ ಅವಸರವಿರಲಿ, ಮೊದಲು ಒಂದು ಬಲ್ಬು ಕಟ್ಟುತ್ತಾರೆ. ಅದನ್ನು ತೋರಿಸಿ "ಶೇಟ್ರು ಉಣ್ಲಿ" ಎನ್ನುತ್ತಾರೆ. ಆಮೇಲೆ ಸ್ವಿಚ್ಚು.