ಎಣ್ಣೆಯಿಲ್ಲದ ದ್ವೀಪದ ಚಿನ್ನದ ಪದಕ

“ಗುರುಗಳೇ, ಬೊಕ್ಕಸ ಬರಿದಾದ ಮೇಲೂ ಒಂದು ದೇಶ ಸಾಧನೆ ಮಾಡಬಲ್ಲದೇ?” ಎಂದು ಶಿಷ್ಯ ಕೇಳಿದ.

“ಬರಿದಾದ ಮೇಲೆಯೇ ಹೆಚ್ಚು. ಕೇಳು,” ಎಂದ ಗುರು.

ಒಂದು ಪುಟ್ಟ ದ್ವೀಪ ದೇಶವಿತ್ತು. ಅದರ ದೊರೆ ಸಾಲ ತಂದು ಏಳು ಅಂತಸ್ತಿನ ಸುಂಕದ ಕಟ್ಟೆ ಕಟ್ಟಿಸಿದ. ಸುಂಕ ಕೊಡುವ ಹಡಗು ಬರಲಿಲ್ಲ. ಸಾಲ ಕೊಟ್ಟವರು ಬಂದರು. ಬೊಕ್ಕಸ ಖಾಲಿಯಾಯಿತು. ಹೊರಗಿನಿಂದ ಎಣ್ಣೆ ತರಿಸುವುದು ನಿಂತಿತು. ದೋಣಿಗಳ ಯಂತ್ರದ ಸದ್ದಡಗಿತು. ಬೆಸ್ತರು ಹುಟ್ಟು ಹಿಡಿದರು. ಮೀನು ಸಿಗುವುದು ದೂರದ ಕಡಲಿನಲ್ಲಿ. ಅದು ಕೊಳೆಯುವ ಮುಂಚೆ ದಡ ಸೇರಬೇಕು. ಹೀಗಾಗಿ ಎಲ್ಲರ ತೋಳೂ ಚುರುಕಾಯಿತು.

ಆ ವರ್ಷ ದ್ವೀಪದಿಂದ ಎದುರು ದಡದ ದೊಡ್ಡ ದೇಶದವರೆಗೆ ದೋಣಿ ಸ್ಪರ್ಧೆ ನಡೆಯಿತು. ಹಲವು ದೇಶದವರು ಬಂದಿದ್ದರು. ದ್ವೀಪದ ಒಬ್ಬ ಬೆಸ್ತ ಚಿನ್ನದ ಪದಕ ಗೆದ್ದ. ದೊರೆ ಅವನನ್ನು ಸಭೆಗೆ ಕರೆಸಿ, “ಏನು ಬೇಕೋ ಕೇಳು” ಎಂದ.

“ಎಣ್ಣೆ ಬೇಕು, ಒಡೆಯ. ಎರಡು ಡಬ್ಬ ಸಾಕು. ಎಷ್ಟು ಹುಟ್ಟು ಹಾಕಿದರೂ ಅರ್ಧ ಮೀನು ದಾರಿಯಲ್ಲೇ ನಾರುತ್ತದೆ. ಮನೆಯಲ್ಲಿ ಉಣ್ಣುವವರಿದ್ದಾರೆ.”

ದೊರೆ ಮಂತ್ರಿಯ ಮುಖ ನೋಡಿದ. ಮಂತ್ರಿ ಹೇಳಿದ: “ಎಣ್ಣೆ ಕೊಟ್ಟರೆ ಇವನ ತೋಳು ಸೋಮಾರಿಯಾಗುತ್ತದೆ, ಪ್ರಭು. ನಮಗಿರುವುದೊಂದೇ ಸಾಧನೆ. ಅದನ್ನೂ ಕೆಡಿಸಬೇಡಿ.”

“ಹಾಗಿದ್ದರೆ ಅರಮನೆಯಿಂದ ಹಂಚುವ ಅಕ್ಕಿಯನ್ನೂ ನಿಲ್ಲಿಸಿ, ಬುದ್ಧಿ,” ಎಂದ ಬೆಸ್ತ. “ಮುಂದಿನ ವರ್ಷ ಹಾರಿಯೇ ತೋರಿಸುತ್ತೇವೆ.”

ಮಂತ್ರಿ ಅದನ್ನು ಬರೆದುಕೊಂಡ.

ಮರುವರ್ಷದ ಹೊತ್ತಿಗೆ ಅಕ್ಕಿ ಅರ್ಧವಾಗಿತ್ತು. ಸ್ಪರ್ಧೆಯ ದಿನ ಬೆಸ್ತ ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಮುದಿ ತಾಯಿಯನ್ನೂ ದೋಣಿಯಲ್ಲಿ ಕೂರಿಸಿಕೊಂಡ. ಅಧಿಕಾರಿ ಯಾಕೆಂದು ಕೇಳಿದ. “ಹಗುರ ದೋಣಿ ಅಲ್ಲಾಡುತ್ತದೆ, ಸ್ವಾಮಿ. ತೂಕಕ್ಕೆ ಇರಲಿ,” ಎಂದ ಬೆಸ್ತ. ಕಲ್ಲು ಹೇರಬಹುದಿತ್ತು ಎಂಬುದು ಅಧಿಕಾರಿಗೆ ಹೊಳೆಯಲಿಲ್ಲ.

ಬೆಸ್ತ ಮತ್ತೆ ಗೆದ್ದ. ಪದಕವನ್ನು ಅಂಚೆಯಲ್ಲಿ ಕಳಿಸಿದ. ತಾನು ಹಿಂತಿರುಗಲಿಲ್ಲ.

ದೊರೆ ಡಂಗುರ ಹೊಡೆಸಿದ: ಆರು ಜನರ ಭಾರ ಹೊತ್ತು ಗೆದ್ದ ದೋಣಿ ಲೋಕದಲ್ಲಿ ನಮ್ಮದೊಂದೇ.

ಗುರು ಇಲ್ಲಿಗೆ ನಿಲ್ಲಿಸಿದ. ಶಿಷ್ಯ ನಗು ತಡೆದುಕೊಂಡು, “ಅಂಥವನು ಹೋದ ಮೇಲೆ ಮೂರನೆಯ ವರ್ಷದ ಸ್ಪರ್ಧೆಗೆ ಅವರಿಗೆ ಯಾರು ಸಿಕ್ಕರು?” ಎಂದು ಕೇಳಿದ.

ಗುರು ಹೇಳಿದ: “ಹೆಸರು ಕೊಡಲು ಇಡೀ ದ್ವೀಪ ಸಾಲು ನಿಂತಿತ್ತು, ಎಲ್ಲರಿಗಿಂತ ಮುಂದೆ ಮಂತ್ರಿ.”